ಕೃತಕ ಕಸ್ತೂರಿಯೂ ಮೈಚರ್ಮವೂ



ವಿಜ್ಞಾನದ ಒಂದು ವಿಷಯವನ್ನು ಎಲ್ಲರಿಗೂ ತಿಳಿಯತಕ್ಕ ಕನ್ನಡದಲ್ಲಿ ನಿರೂಪಿಸಬೇಕೆಂಬುದು ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದವರ ಅಪೇಕ್ಷೆ. ಅದಕ್ಕೆ ಅನುಗುಣವಾಗಿ, ಸ್ನಾನದ ಸೋಪಿನಲ್ಲಿ, ಮುಖಕ್ಕೆ ಬಳಿಯುವ ಪೌಡರಿನಲ್ಲಿ, ಕ್ಷೌರವಾದ ಮೇಲೆ ಕೆನ್ನೆಗೆ ಸವರುವ ಲೋಷನ್ನಿನಲ್ಲಿ ಸುಮಾರು ಒಂದು ಶತಮಾನದ ಕಾಲ ಯಾರ ಗಮನಕ್ಕೂ ಬಾರದೆ ನೆಲೆಸಿದ್ದ ಕೃತಕ ಕಸ್ತೂರಿಯ ಚರಿತ್ರೆಯನ್ನು ನಾನು ಇಂದು ಆರಿಸಿಕೊಂಡಿದ್ದೇನೆ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಒಂದು ಪದಾರ್ಥವು ನಿರಪಾಯಕರವೆಂದು ನಾವು ಹೇಳುವಾಗ ಏನನ್ನು ಅರಿತು ಹೇಳುತ್ತೇವೆ, ಯಾರ ಸಾಕ್ಷ್ಯವನ್ನು ನಂಬಿ ಹೇಳುತ್ತೇವೆ ಎಂಬ ಪ್ರಶ್ನೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಮುಂದಿಡುವ ವಸ್ತುವನ್ನು ನಾನು ಕಾಣೆ.

ಗಂಧದ್ರವ್ಯಗಳ ವಿಚಾರವು ನಮ್ಮ ನಾಡಿಗೆ ಹೊಸತಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದು, ವೃಕ್ಷಗಳಿಗೆ ಚಿಕಿತ್ಸೆ ಮಾಡುವುದು ಮುಂತಾದ ಲೌಕಿಕೋಪಯೋಗಿ ವಿಷಯಗಳ ಸಾಲಿನಲ್ಲಿಯೇ ಸುಗಂಧ ತಯಾರಿಕೆಯನ್ನೂ ಸೇರಿಸಿದನು, ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ರಾಜನ ಭೋಗಗಳನ್ನು ಎಣಿಸುವಾಗ ಅನುಲೇಪನಕ್ಕೂ ಧೂಪಕ್ಕೂ ಸ್ಥಾನವನ್ನು ಕಲ್ಪಿಸಿದನು. ಇಂಥ ದ್ರವ್ಯಗಳಲ್ಲೆಲ್ಲ ಕಸ್ತೂರಿಯ ಘನತೆಯೇ ಬೇರೆ. ಹಿಮಾಲಯದ ಎತ್ತರದ ಕಾಡುಗಳಲ್ಲಿ ವಾಸಿಸುವ, ಕೊಂಬಿಲ್ಲದ ಒಂದು ಸಣ್ಣ ಮೃಗದ ಗಂಡಿಗೆ, ನಾಭಿಗೂ ಜನನೇಂದ್ರಿಯಕ್ಕೂ ನಡುವೆ ಚರ್ಮದಡಿಯಲ್ಲಿ ಇರುವ ಪುಟ್ಟ ಚೀಲದಲ್ಲಿ ಸಂಗ್ರಹವಾಗುವ ಸ್ರಾವವೇ ಅದು. ಒಂದು ಮೃಗದಿಂದ ದೊರಕುವುದು ಸುಮಾರು 25 ಗ್ರಾಂ. ಒಂದು ಕಿಲೋ ಕಸ್ತೂರಿಯ ಹಿಂದೆ ನಲವತ್ತು ಮೃಗಗಳ ವಧೆ ಇದ್ದಿತೆಂದಾಯಿತು. ಹಸಿಯಾಗಿದ್ದಾಗ ಅದರ ವಾಸನೆ ಮೂಗು ಮುಚ್ಚಿಕೊಳ್ಳುವಷ್ಟು ಉಗ್ರ. ಅತ್ಯಲ್ಪ ಪ್ರಮಾಣದಲ್ಲಿ ಮದ್ಯಸಾರದಲ್ಲಿ ಕರಗಿ ಹರಡಿದಾಗ ಮಾತ್ರ ಅದು ಹೃದ್ಯವಾಗುತ್ತದೆ. ಅಷ್ಟೇ ಅಲ್ಲದೆ, ತನ್ನ ಜೊತೆಗೆ ಬೆರೆತ ಹಗುರವಾದ ಪರಿಮಳಗಳು ಬೇಗ ಹಾರಿಹೋಗದಂತೆ ಹಿಡಿದು ನಿಲ್ಲಿಸುತ್ತದೆ. ಗುಲಾಬಿ, ಮಲ್ಲಿಗೆ, ನಿಂಬೆಗಳು ಸುಗಂಧದ ಮೊದಲ ಗಳಿಗೆಯನ್ನು ಆಳಿದರೆ, ಸಂಜೆಯ ಹೊತ್ತಿಗೆ ಬಟ್ಟೆಯ ಮೇಲೆ ಉಳಿದಿರುವುದು ಕಸ್ತೂರಿ. ಈ ಗುಣಕ್ಕಾಗಿ ಸುಗಂಧಕಾರರು ಏನು ಬೆಲೆಯನ್ನಾದರೂ ತೆರಲು ಸಿದ್ಧರಿದ್ದರು. ಬೆಲೆ ಏರಿದಷ್ಟೂ ಕಲಬೆರಕೆಯೂ ಏರುತ್ತಿದ್ದಿತು.

ಹೀಗಿರುವಲ್ಲಿ 1888ರಲ್ಲಿ ಜರ್ಮನಿಯ ರಸಾಯನಜ್ಞನಾದ ಆಲ್ಬರ್ಟ್ ಬಾವರ್ ಎಂಬಾತನು, ಪರಿಮಳವನ್ನು ಕನಸಿನಲ್ಲಿಯೂ ನೆನೆಯದೆ, ಸ್ಫೋಟಕಗಳ ಕೆಲಸದಲ್ಲಿ ತೊಡಗಿದ್ದನು. ಟಾಲುವೀನ್ ಎಂಬ ದ್ರವಕ್ಕೆ ಮೂರು ನೈಟ್ರೋ ಗುಂಪುಗಳನ್ನು ಸೇರಿಸಿದರೆ ದೊರೆಯುವ ಟಿ.ಎನ್.ಟಿ. ಎಂಬ ಸಿಡಿಮದ್ದನ್ನು ನೀವೆಲ್ಲರೂ ಕೇಳಿದ್ದೀರಿ. ಆ ಅಣುವಿಗೆ ಇಂಗಾಲದ ಮತ್ತೊಂದು ಕವಲನ್ನು ಜೋಡಿಸಿ ನೋಡಿದಾಗ ಬಾವರನಿಗೆ ಒದಗಿದ ಹರಳುಗಳು ಸಿಡಿಯುವುದರಲ್ಲಿ ಹೆಚ್ಚುಗಾರಿಕೆಯನ್ನೇನೂ ತೋರಲಿಲ್ಲ. ಕಸ್ತೂರಿಯಂತೆ ಕಂಪನ್ನು ಬೀರತೊಡಗಿದುವು. ಮನುಷ್ಯನ ಉದ್ಯಮಶೀಲತೆಯನ್ನು ಮೆಚ್ಚಬೇಕು: ಮದ್ದಿನ ಮನೆಯಿಂದ ಹೊರಟ ಆ ಹರಳು ಅಲ್ಪಕಾಲದಲ್ಲಿಯೇ ಅಂಗರಾಗದ ಅಂಗಡಿಗೆ ಬಂದಿತು. ಬಾವರನು ಅಲ್ಲಿಗೆ ನಿಲ್ಲದೆ ಅದೇ ಕುಲದ ಇನ್ನಷ್ಟು ದ್ರವ್ಯಗಳನ್ನು ಸೃಷ್ಟಿಸಿದನು. ಮಸ್ಕ್ ಕ್ಸೈಲೀನ್, ಮಸ್ಕ್ ಕೀಟೋನ್, ಮಸ್ಕ್ ಆಂಬ್ರೆಟ್ ಎಂಬ ಮೂರು ಅವುಗಳಲ್ಲಿ ಮುಖ್ಯವಾದುವು. ಕೀಟೋನು ನೈಜ ಕಸ್ತೂರಿಗೆ ಅತ್ಯಂತ ಸಮೀಪವಾದ ಪರಿಮಳವುಳ್ಳದ್ದಾದುದರಿಂದ ಉತ್ತಮ ಸುಗಂಧಗಳಿಗೆ ಸಂದಿತು. ಆಂಬ್ರೆಟ್ಟು, ನಮ್ಮವರು ಕಸ್ತೂರಿ ಬೆಂಡೆಯೆಂದು ಕರೆಯುವ ಗಿಡದ ಬೀಜದಂತೆ ಹೂವಿನ ಛಾಯೆಯುಳ್ಳ ಕಂಪನ್ನು ಬೀರುತ್ತಿದ್ದುದರಿಂದ ಲೋಷನ್ನುಗಳಿಗೂ ಕಲೋನುಗಳಿಗೂ ಪ್ರಿಯವಾಯಿತು. ಕ್ಸೈಲೀನು ಎಲ್ಲಕ್ಕಿಂತ ಅಗ್ಗ. ಸೋಪಿನ ಕ್ಷಾರಕ್ಕೂ ಬಗ್ಗದೆ, ಒಗೆದ ಬಟ್ಟೆಯಲ್ಲಿಯೂ ಉಳಿದುಕೊಳ್ಳುವ ಗಟ್ಟಿಗ. ಸೋಪು ಮತ್ತು ಡಿಟರ್ಜೆಂಟುಗಳ ಮಾರ್ಗವಾಗಿ ಬಡವರ ಮನೆಗೂ ಕಸ್ತೂರಿಯ ಕಂಪು ತಲುಪಿದುದು ಈ ದ್ರವ್ಯದಿಂದ.

ಇಲ್ಲಿ ಒಂದು ವಿಷಯಾಂತರಕ್ಕೆ ಅವಕಾಶ ಕೊಡಬೇಕೆಂದು ಪ್ರಾರ್ಥಿಸುತ್ತೇನೆ. ನಿಜವಾದ ಕಸ್ತೂರಿಯ ಪರಿಮಳಕ್ಕೆ ಕಾರಣವಾದ ಮಸ್ಕೋನ್ ಎಂಬ ದ್ರವ್ಯವನ್ನು 1906ರಲ್ಲಿ ವಾಲ್ಬಾಮ್ ಎಂಬ ರಸಾಯನಜ್ಞನು ಬೇರ್ಪಡಿಸಿದನಾದರೂ, ಅದರ ಅಣುರಚನೆಯನ್ನು ಬಿಡಿಸಿದವನು 1926ರಲ್ಲಿ ಲಿಯೋಪೋಲ್ಡ್ ರುಜೀಚ್ಕ. ಹದಿನೈದು ಇಂಗಾಲದ ಪರಮಾಣುಗಳು ಕೈಕೈ ಹಿಡಿದ ಒಂದು ವಿಶಾಲವಾದ ಉಂಗುರ ಅದೆಂದು ಆತನು ತೋರಿಸಿದಾಗ, ಅಷ್ಟು ದೊಡ್ಡ ಉಂಗುರವು ನಿಲ್ಲಲಾರದೆಂದು ಅಂದಿನ ಪಂಡಿತರು ನಂಬಿದ್ದ ಸಿದ್ಧಾಂತವೇ ಕುಸಿಯಿತು. 1939ರ ನೊಬೆಲ್ ಪಾರಿತೋಷಕದಲ್ಲಿ ಆತನಿಗೆ ಪಾಲು ದೊರೆಯಿತು. ನಾವು ಗಮನಿಸಬೇಕಾದುದು ಇಷ್ಟು: ಬಾವರನ ಹರಳಿಗೂ ಮೃಗದ ಮಸ್ಕೋನಿಗೂ ರಚನೆಯಲ್ಲಿ ಯಾವ ಸಾಮ್ಯವೂ ಇಲ್ಲ. ಒಂದು ಸಿಡಿಮದ್ದಿನ ದಾಯಾದಿ, ಇನ್ನೊಂದು ಪ್ರಾಣಿದೇಹದ ಸ್ರಾವ. ಮೂಗು ಎರಡನ್ನೂ ಕಸ್ತೂರಿಯೆಂದೇ ಗ್ರಹಿಸುತ್ತದೆ. ಎಂದಮೇಲೆ ಮೂಗಿನ ಸಾಕ್ಷ್ಯವು ಪರಿಮಳದ ಮಟ್ಟಿಗೆ ಮಾತ್ರ ಪ್ರಮಾಣ. ಆ ದ್ರವ್ಯವು ಚರ್ಮದೊಡನೆ, ನರದೊಡನೆ, ಯಕೃತ್ತಿನೊಡನೆ ಹೇಗೆ ನಡೆದುಕೊಳ್ಳುವುದೆಂಬುದನ್ನು ಮೂಗು ಹೇಳಲಾರದು. ಆದರೆ ಎಪ್ಪತ್ತೆಂಬತ್ತು ವರ್ಷಗಳ ಕಾಲ ಜಗತ್ತು ಕೇಳಿದುದು ಬಹುಮಟ್ಟಿಗೆ ಮೂಗಿನ ಮಾತನ್ನೇ. ಪರಿಮಳದ್ರವ್ಯಗಳನ್ನು ಕ್ರಮವಾಗಿ ಪರೀಕ್ಷಿಸುವ ಸಂಶೋಧನ ಸಂಸ್ಥೆ ಅಮೆರಿಕದಲ್ಲಿ ಹುಟ್ಟಿದುದು 1966ರಲ್ಲಿ. ಆ ಪರೀಕ್ಷೆಗಳನ್ನು ಆಧರಿಸಿ ಉದ್ಯಮಕ್ಕೆ ಮಿತಿಗಳನ್ನು ವಿಧಿಸುವ ಇಫ್ರಾ ಎಂಬ ಅಂತರರಾಷ್ಟ್ರೀಯ ಸಂಘ ಸ್ಥಾಪಿತವಾದುದು 1973ರಲ್ಲಿ.

ಚರ್ಮವು ತನ್ನ ಸಾಕ್ಷ್ಯವನ್ನು ನುಡಿದುದು ಆಂಬ್ರೆಟ್ಟಿನ ವಿಷಯದಲ್ಲಿ. 1979ರಲ್ಲಿ ಅಮೆರಿಕದ ಚರ್ಮವೈದ್ಯರು, ಗಂಡಸರು ಬಳಸುವ ಸುಗಂಧಗಳಿಂದ ಮುಖದಲ್ಲಿ ವಿಚಿತ್ರವಾದ ಒಂದು ಉರಿಬಾವು ಏಳುತ್ತಿರುವುದನ್ನು ವರದಿ ಮಾಡಿದರು. ಅದರ ವೈಚಿತ್ರ್ಯವಿದ್ದುದು ಸ್ಥಾನದಲ್ಲಿ. ಕೆನ್ನೆ, ಕತ್ತಿನ ಪಕ್ಕ, ಅಂಗಿಯ ಗುಂಡಿ ಬಿಚ್ಚಿದಾಗ ಕಾಣುವ ಎದೆಯ ತ್ರಿಕೋಣ, ಮುಂಗೈಯ ಮೇಲ್ಭಾಗ, ಇವು ಕೆಂಪೇರಿ ತುರಿಸುವುವು. ಗದ್ದದ ಕೆಳಗೆ, ಕಿವಿಯ ಹಿಂದೆ, ನೆರಳು ಬೀಳುವೆಡೆಗಳಲ್ಲಿ ಚರ್ಮವು ನಿರ್ಮಲವಾಗಿರುವುದು. ಬಿಸಿಲಿನ ಗಡಿಯನ್ನು ಗೆರೆ ಕೊರೆದಂತೆ ತೋರಿಸುವ ಈ ನಕ್ಷೆಯಿಂದಲೇ ರೋಗದ ಮರ್ಮವು ಬಯಲಾಯಿತು. ಲೋಷನ್ನಿನೊಡನೆ ಚರ್ಮವನ್ನು ಹೊಕ್ಕ ಆಂಬ್ರೆಟ್ಟು ಚರ್ಮದ ಮಟ್ಟಿಗೆ ತಾನಾಗಿ ನಿರುಪದ್ರವಿ. ಸೂರ್ಯನ ನೇರಳಾತೀತ ಕಿರಣಗಳು ಅದರ ಮೇಲೆ ಬಿದ್ದಾಗ ಅದು ರೂಪವನ್ನು ಬದಲಿಸಿ ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಮತ್ತು ದೇಹದ ರಕ್ಷಣಾವ್ಯವಸ್ಥೆಯು ಆ ಜೋಡಿಯನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಒಮ್ಮೆ ಗುರುತು ನಿಂತಮೇಲೆ ಅತ್ಯಲ್ಪ ಲೇಶವೂ ಸಾಕು. ಇದನ್ನು ಬೆಳಕಿನ ಅಲರ್ಜಿ ಎನ್ನುತ್ತಾರೆ.

ಇದನ್ನು ಪತ್ತೆಹಚ್ಚುವ ಕ್ರಮವೂ ಸ್ವಾರಸ್ಯವಾದುದು. ಸಂಶಯಾಸ್ಪದವಾದ ದ್ರವ್ಯಗಳನ್ನು ಚರ್ಮಕ್ಕೆ ಪಟ್ಟಿಯಾಗಿ ಅಂಟಿಸಿ ನೋಡುವ ಪರೀಕ್ಷೆಯನ್ನು 1895ರಲ್ಲಿ ಯೋಸೆಫ್ ಯಾಡಾಸ್ಸೋನ್ ಎಂಬ ವೈದ್ಯನು ಪ್ರಚುರಪಡಿಸಿದ್ದನು. ಬೆಳಕಿನ ಅಲರ್ಜಿಗೆ ಅದೇ ಪರೀಕ್ಷೆಯನ್ನು ಇಮ್ಮಡಿಯಾಗಿ ಮಾಡುತ್ತಾರೆ: ರೋಗಿಯ ಬೆನ್ನಿನ ಮೇಲೆ ಒಂದೇ ದ್ರವ್ಯದ ಎರಡು ಪಟ್ಟಿಗಳು, ಒಂದನ್ನು ಕತ್ತಲೆಯಲ್ಲಿಡುವುದು, ಇನ್ನೊಂದನ್ನು ತೆಗೆದು ಆ ಜಾಗಕ್ಕೆ ಅಳತೆಯಾದ ನೇರಳಾತೀತ ಕಿರಣವನ್ನು ಬಿಡುವುದು. ಬೆಳಕು ಬಿದ್ದ ಕಡೆ ಮಾತ್ರ ಕೆಂಪೇರಿದರೆ ಸಾಕ್ಷ್ಯವು ನಿಶ್ಚಿತ. ಲೋಷನ್ನನ್ನು ಬಿಟ್ಟಮಾತ್ರಕ್ಕೆ ಬಹುಜನ ಗುಣವಾದರು. ಆದರೆ ಕೆಲವರಲ್ಲಿ, ದ್ರವ್ಯವನ್ನು ತ್ಯಜಿಸಿ ವರ್ಷಗಳು ಕಳೆದರೂ, ಬರಿಯ ಬಿಸಿಲೇ ಅದೇ ಉರಿಯನ್ನು ಎಬ್ಬಿಸುವ ಸ್ಥಿತಿ ನೆಲೆನಿಂತಿತು. ಕೆನ್ನೆಗೆ ಸವರಿದ ಒಂದು ಪರಿಮಳದಿಂದಾಗಿ ಮನುಷ್ಯನು ಹಗಲಿನಿಂದಲೇ ಬಹಿಷ್ಕೃತನಾಗಿ ಮನೆಯೊಳಗೆ ಅಡಗಬೇಕಾಗಿ ಬಂದಿತೆಂದರೆ, ಇದನ್ನು ಸೌಂದರ್ಯಸಾಧನದ ಸಣ್ಣಪುಟ್ಟ ಅನನುಕೂಲವೆಂದು ತಳ್ಳಿಹಾಕುವಂತಿಲ್ಲ.

ನರಮಂಡಲದ ಸಾಕ್ಷ್ಯವು ಇದಕ್ಕೂ ಮೊದಲೇ ದೊರೆತಿದ್ದಿತು, ಕೇಳುವವರು ಕಡಮೆಯಿದ್ದರು. 1960ರ ದಶಕದಲ್ಲಿಯೇ ಆಂಬ್ರೆಟ್ಟನ್ನು ಆಹಾರದಲ್ಲಿ ಬೆರೆಸಿ ತಿನ್ನಿಸಿದ ಇಲಿಗಳಿಗೆ ಹಿಂಗಾಲುಗಳ ಶಕ್ತಿ ಕುಂದಿತೆಂಬುದು ಪ್ರಕಟವಾಗಿದ್ದಿತು. ಚರ್ಮದ ಮೂಲಕವೂ ಅದು ನರಗಳನ್ನು ಮುಟ್ಟಬಲ್ಲುದೆಂಬುದು 1980ರ ದಶಕದ ಪ್ರಯೋಗಗಳಲ್ಲಿ ಸ್ಥಿರಪಟ್ಟಿತು. ಈ ಮಧ್ಯೆ, ಬೇರೊಂದು ಕುಲಕ್ಕೆ ಸೇರಿದ ಎ.ಇ.ಟಿ.ಟಿ. ಎಂಬ ಕೃತಕ ಕಸ್ತೂರಿಯೊಂದು, 1955ರಿಂದ ನಿರಾತಂಕವಾಗಿ ಬಳಕೆಯಲ್ಲಿದ್ದುದು, ಪ್ರಯೋಗದ ಇಲಿಗಳ ಮಿದುಳು ಮತ್ತು ಒಳಾಂಗಗಳನ್ನು ನೀಲಿಗಟ್ಟಿಸಿ ನರಗಳ ಹೊದಿಕೆಯನ್ನು ಕೆಡಿಸುತ್ತದೆಂದು ತಿಳಿದುಬಂದು, 1977ರ ಸುಮಾರಿಗೆ ಉದ್ಯಮದವರೇ ಅದನ್ನು ಕೈಬಿಟ್ಟರು. ಇಪ್ಪತ್ತೆರಡು ವರ್ಷ ಜನರು ಮೈಗೆ ಹಚ್ಚಿಕೊಂಡುದಾಗಿದ್ದಿತು. ದೀರ್ಘಕಾಲದ ಬಳಕೆಯೇ ನಿರಪಾಯಕ್ಕೆ ಪ್ರಮಾಣವೆಂದು ವಾದಿಸುವವರು ಈ ಒಂದು ನಿದರ್ಶನಕ್ಕೆ ಉತ್ತರ ಹೇಳಬೇಕಾಗುತ್ತದೆ. ಆಂಬ್ರೆಟ್ಟಿಗೆ ಉದ್ಯಮದ ಸಂಘವು 1980ರ ದಶಕದಲ್ಲಿ ಕಡಿವಾಣ ಹಾಕಿತು; ಯೂರೋಪಿನ ಕಾನೂನು 1995ರಲ್ಲಿ ಅದನ್ನು ಪ್ರಸಾಧನಗಳಿಂದ ಸಂಪೂರ್ಣವಾಗಿ ಬಹಿಷ್ಕರಿಸಿತು. ಮಾಸ್ಕೀನ್, ಮಸ್ಕ್ ಟಿಬೆಟೀನ್ ಎಂಬ ಅದರ ಜ್ಞಾತಿಗಳಿಗೂ 1998ರಲ್ಲಿ ಅದೇ ಗತಿಯಾಯಿತು.

ಕ್ಸೈಲೀನಿನ ಕಥೆ ಬೇರೆ ತೆರನಾದುದು, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ವಿಚಾರಾರ್ಹವಾದುದು. ಅದರಿಂದ ಚರ್ಮಕ್ಕೆ ಗಣನೀಯವಾದ ಬಾಧೆ ಕಂಡುಬರಲಿಲ್ಲ. 1990ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ದೀರ್ಘಕಾಲ ತಿನ್ನಿಸಿದ ಸುಂಡಿಲಿಗಳ ಯಕೃತ್ತಿನಲ್ಲಿ ಗಡ್ಡೆಗಳನ್ನು ಕಂಡರು. ವಂಶವಾಹಿಗಳನ್ನು ನೇರವಾಗಿ ಕೆಡಿಸುವ ಗುಣ ಅದಕ್ಕಿಲ್ಲವೆಂದೂ, ಯಕೃತ್ತಿನ ಕೆಲವು ಕಿಣ್ವಗಳನ್ನು ಅತಿಯಾಗಿ ಉದ್ದೀಪಿಸುವುದರಿಂದ ಅದು ಹಾಗೆ ವರ್ತಿಸುವುದೆಂದೂ ಆಮೇಲೆ ವಿವರಿಸಿದರು. ಮನುಷ್ಯನು ಸೋಪಿನ ಮೂಲಕ ಪಡೆಯುವ ಪ್ರಮಾಣವು ಆ ಸುಂಡಿಲಿಗಳಿಗೆ ಉಣಿಸಿದ ಪ್ರಮಾಣದ ಮುಂದೆ ತೀರ ಸ್ವಲ್ಪ. ಆದಕಾರಣ ಯೂರೋಪಿನ ತಜ್ಞಸಮಿತಿಗಳು ಅದನ್ನು ಒಮ್ಮೆಗೇ ನಿಷೇಧಿಸದೆ, ಬಳಕೆಗೆ ತಕ್ಕಂತೆ ಮಿತಿಗಳನ್ನು ವಿಧಿಸಿದುವು: ಉತ್ತಮ ದರ್ಜೆಯ ಸುಗಂಧದಲ್ಲಿ ಶೇಕಡ 1, ಅದಕ್ಕಿಂತ ತೆಳುವಾದ ಓ ದ ಟ್ವಾಲೆಟ್ಟಿನಲ್ಲಿ ಶೇಕಡ 0.4, ಉಳಿದ ಪ್ರಸಾಧನಗಳಲ್ಲಿ ಶೇಕಡ 0.03, ಬಾಯಿಗೆ ಸಂಬಂಧಿಸಿದುವುಗಳಲ್ಲಿ ಸರ್ವಥಾ ಕೂಡದು. ಕೀಟೋನಿಗೆ ಇವೇ ಅಂಕಿಗಳು ಕ್ರಮವಾಗಿ 1.4, 0.56, 0.042. ಕಿವಿಯ ಹಿಂದೆ ಎರಡು ತೊಟ್ಟು ಸೋಕಿಸುವ ಸುಗಂಧಕ್ಕೆ ಹೆಚ್ಚಿನ ಪ್ರಮಾಣ, ಮೈತುಂಬ ಬಳಿದು ದಿನವಿಡೀ ಉಳಿಸಿಕೊಳ್ಳುವ ಲೇಪಕ್ಕೆ ಕಡಮೆ ಪ್ರಮಾಣ ಎಂಬ ಈ ವಿವೇಚನೆ ಅತ್ಯಂತ ಸಮಂಜಸವಾದುದು. ಅಪಾಯವಾಗಲಿ ನಿರಪಾಯವಾಗಲಿ ಕೇವಲ ವಸ್ತುವಿನಲ್ಲಿ ನೆಲೆಸಿಲ್ಲ. ಎಷ್ಟು, ಎಲ್ಲಿ, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗಳನ್ನು ಬಿಟ್ಟು ಅದನ್ನು ನಿರ್ಣಯಿಸಲಾಗದು.

ಆದರೆ ಕ್ಸೈಲೀನನ್ನು ಕೊನೆಗೆ ಕೆಡಹಿದುದು ಈ ಮೂರರ ಆಚೆಯ ನಾಲ್ಕನೆಯ ಪ್ರಶ್ನೆ: ಮೈಯಿಂದ ತೊಳೆದುಹೋದ ಮೇಲೆ ಅದು ಹೋಗುವುದೆಲ್ಲಿಗೆ? 1980ರ ದಶಕದ ಆರಂಭದಲ್ಲಿ ಜಪಾನಿನ ಟಾಮಾ ನದಿಯ ಮೀನುಗಳಲ್ಲಿಯೂ ಟೋಕಿಯೋ ಕೊಲ್ಲಿಯ ಚಿಪ್ಪುಜೀವಿಗಳಲ್ಲಿಯೂ ಅದರ ಅಂಶ ದೊರೆಯಿತು. ನೈಟ್ರೋ ಗುಂಪುಗಳಿಂದ ಬಿಗಿದ ಆ ಅಣುವನ್ನು ಬ್ಯಾಕ್ಟೀರಿಯಗಳು ಸುಲಭವಾಗಿ ಒಡೆಯಲಾರವು. ನೀರಿಗಿಂತ ಕೊಬ್ಬಿನ ಮೇಲೆ ಅದಕ್ಕೆ ಪ್ರೀತಿ ಹೆಚ್ಚಾದುದರಿಂದ ಜೀವಿಗಳ ಮೇದಸ್ಸಿನಲ್ಲಿ ಕೂಡಿಕೊಳ್ಳುತ್ತ ಹೋಗುತ್ತದೆ. 1990ರ ದಶಕದ ಆರಂಭದಲ್ಲಿ ಜರ್ಮನಿಯ ವಿಜ್ಞಾನಿಗಳು ಮನುಷ್ಯರ ಮೇದಸ್ಸಿನಲ್ಲಿಯೂ ತಾಯಂದಿರ ಎದೆಹಾಲಿನಲ್ಲಿಯೂ ಅದನ್ನು ಅಳೆದು ತೋರಿಸಿದರು. ಆ ಪ್ರಮಾಣದಿಂದ ಶಿಶುವಿಗೆ ಹಾನಿಯಾಯಿತೆಂದು ಯಾರೂ ಸಿದ್ಧಪಡಿಸಲಿಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಆದರೂ ಬಟ್ಟೆ ಒಗೆಯುವ ಪುಡಿಯ ಪರಿಮಳವು ಎದೆಹಾಲನ್ನು ಸೇರಬೇಕಾದ ಅಗತ್ಯವೇನು ಎಂದು ಕೇಳಿದ ಜನಸಾಮಾನ್ಯರ ಪ್ರಶ್ನೆಯಲ್ಲಿ, ಪ್ರಯೋಗಶಾಲೆಯ ವಿವೇಕಕ್ಕೆ ಕಡಮೆಯಿಲ್ಲದ ವಿವೇಕವಿದ್ದಿತು. ನಿಸರ್ಗದಲ್ಲಿ ಅತಿಕಾಲ ಉಳಿದು ಜೀವಿಗಳಲ್ಲಿ ಅತಿಯಾಗಿ ಸಂಚಯವಾಗುವ ದ್ರವ್ಯವೆಂದು ಯೂರೋಪಿನ ಒಕ್ಕೂಟವು 2008ರಲ್ಲಿ ಅದನ್ನು ಗುರುತಿಸಿತು. ವಿಶೇಷಾನುಮತಿಯಿಲ್ಲದೆ ಬಳಸಕೂಡದ ದ್ರವ್ಯಗಳ ಮೊದಲ ಪಟ್ಟಿಯಲ್ಲಿ 2011ರಲ್ಲಿ ಸೇರಿಸಿತು. 2014ರ ಆಗಸ್ಟ್ 21 ಅದಕ್ಕೆ ಕೊನೆಯ ಗಡುವಾಯಿತು. ಬಾಳಿಕೆಯೆಂಬ ಯಾವ ಗುಣಕ್ಕಾಗಿ ಸೋಪಿನವರು ಅದನ್ನು ಮೆಚ್ಚಿದ್ದರೋ ಆ ಗುಣವೇ ಅದರ ಮೇಲಿನ ದೋಷಾರೋಪಣೆಯಾಯಿತು.

ಇಷ್ಟನ್ನು ಕೇಳಿದ ಕೂಡಲೇ, ಹಾಗಾದರೆ ಪ್ರಕೃತಿದತ್ತವಾದ ಪರಿಮಳಗಳಿಗೆ ಹಿಂದಿರುಗೋಣ ಎನ್ನುವವರಿದ್ದಾರೆ. ಇಂದಿನ ಜಾಹೀರಾತುಗಳು ಹಾಡುವುದೂ ಇದೇ ರಾಗ. ಕಸ್ತೂರಿಯ ಮಟ್ಟಿಗೆ ಈ ದಾರಿ ಮುಚ್ಚಿದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆ ಮೃಗಕ್ಕೆ ಮೊದಲನೆಯ ಅನುಸೂಚಿಯ ರಕ್ಷಣೆಯನ್ನು ಕೊಟ್ಟಿದೆ, ಕೊಟ್ಟಿರುವುದು ಉಚಿತವೇ ಆಗಿದೆ. ಇತರ ದ್ರವ್ಯಗಳ ಮಾತಿಗೆ ಬಂದರೆ, ಬರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನ ತೈಲವನ್ನು ಹಚ್ಚಿಕೊಂಡು ಬಿಸಿಲಿಗೆ ಹೋದವರ ಕತ್ತಿನ ಮೇಲೆ ಹನಿ ಇಳಿದ ಆಕಾರದಲ್ಲಿಯೇ ಕಂದುಕಲೆ ಮೂಡುವುದನ್ನು ವೈದ್ಯರು ನೂರು ವರ್ಷದ ಹಿಂದೆಯೇ ವರ್ಣಿಸಿದ್ದಾರೆ. ಓಕ್ ಮರದ ಮೇಲಿನ ಕಲ್ಲುಹೂವಿನಿಂದ ತೆಗೆದ ಸಾರದಲ್ಲಿರುವ ಎರಡು ಅಣುಗಳನ್ನು, ಅತಿತೀವ್ರವಾದ ಅಲರ್ಜಿಕಾರಕಗಳೆಂದು, ಯೂರೋಪು 2017ರ ನಿಯಮದಿಂದ ನಿಷೇಧಿಸಿತು. ಮೈಸೂರಿನವರಿಗೆ ಪ್ರಾಣಸಮಾನವಾದ ಶ್ರೀಗಂಧದ ತೈಲವೂ ಚರ್ಮವೈದ್ಯರ ಪರೀಕ್ಷಾಪಟ್ಟಿಗಳಲ್ಲಿ ಇದೆ. ಅದು ಒಗ್ಗದವರು ಕೆಲವರೇ, ಆದರೆ ಇದ್ದಾರೆ. ಮರದಿಂದ ಬಂದಿತೋ ಮದ್ದಿನ ಮನೆಯಿಂದ ಬಂದಿತೋ ಎಂದು ಚರ್ಮವು ವಿಚಾರಿಸುವುದಿಲ್ಲ. ಆಧುನಿಕ ರಸಾಯನಜ್ಞರು ರುಜೀಚ್ಕನು ತೋರಿಸಿದ ವಿಶಾಲ ಉಂಗುರಗಳ ಮಾದರಿಯಲ್ಲಿ ನಿರ್ಮಿಸುತ್ತಿರುವ ಹೊಸ ಕಸ್ತೂರಿಗಳು ನಿಸರ್ಗದಲ್ಲಿ ಬೇಗ ಕರಗಿಹೋಗುವುದರಿಂದ, ನನ್ನ ಭರವಸೆಯು ಜಾಹೀರಾತಿಗಿಂತ ಅವುಗಳ ಮೇಲೆಯೇ ಹೆಚ್ಚು.

ನಮ್ಮ ದೇಶದ ಕಾನೂನಿನ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. 1940ರ ಔಷಧಗಳ ಕಾಯಿದೆಯೊಳಕ್ಕೆ ಪ್ರಸಾಧನ ಸಾಮಗ್ರಿಗಳು ಪ್ರವೇಶಿಸಿದುದು 1962ರ ತಿದ್ದುಪಡಿಯಿಂದ. ಆಗಲೂ ಸೋಪನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದ್ದರು. 1982ರ ತಿದ್ದುಪಡಿ ಆ ಅಪವಾದವನ್ನು ತೆಗೆದುಹಾಕಿತು. ಈಗ ಜಾರಿಯಲ್ಲಿರುವುದು 2020ರ ಪ್ರಸಾಧನ ನಿಯಮಗಳು. ಮೈಗೆ ಉಜ್ಜುವ, ಸುರಿಯುವ, ಸಿಂಪಡಿಸುವ ವಸ್ತುಗಳನ್ನು ಈ ಕಾನೂನು ಹಿಡಿಯುತ್ತದೆ. ದೇವರ ಮುಂದೆ ಉರಿಯುವ ಅಗರಬತ್ತಿ ಈ ವ್ಯಾಖ್ಯೆಗೆ ಸಿಕ್ಕುವುದಿಲ್ಲ. ಬತ್ತಿ ತಯಾರಕರು ‘ಕಾಂಪೌಂಡ್’ ಎಂದು ಕರೆಯುವ ಸುಗಂಧಮಿಶ್ರಣದಲ್ಲಿ ಏನಿದೆಯೆಂದು ಬತ್ತಿ ಹೊಸೆಯುವ ಹೆಣ್ಣುಮಗಳಿಗಾಗಲಿ ಹಚ್ಚುವ ಗೃಹಿಣಿಗಾಗಲಿ ತಿಳಿಯುವ ಮಾರ್ಗವಿಲ್ಲ. ಇದನ್ನು ಬೆದರಿಸುವುದಕ್ಕಾಗಿ ಹೇಳುತ್ತಿಲ್ಲ. 1987ರಲ್ಲಿ ಜಪಾನಿನ ವೈದ್ಯರು ಧೂಪದಿಂದ ಉಂಟಾದ ಚರ್ಮರೋಗವೊಂದನ್ನು ಪರೀಕ್ಷಿಸಿ ಆಂಬ್ರೆಟ್ಟನ್ನೇ ಕಾರಣವೆಂದು ಗುರುತಿಸಿದ್ದರೆಂಬುದನ್ನು ಬಲ್ಲೆನಾದುದರಿಂದ, ಬೆಂಗಳೂರು ಮೈಸೂರುಗಳಲ್ಲಿ ಇಷ್ಟು ದೊಡ್ಡ ಅಗರಬತ್ತಿ ಉದ್ಯಮವನ್ನು ಇಟ್ಟುಕೊಂಡ ನಾವು ಈ ವಿಚಾರವನ್ನು ಇತರರಿಗಿಂತ ಮೊದಲು ಎತ್ತಬೇಕೆಂದು ಹೇಳುತ್ತಿದ್ದೇನೆ.

ಯೂರೋಪಿನಲ್ಲಿ 2003ರ ನಿಯಮವು ಇಪ್ಪತ್ತಾರು ಅಲರ್ಜಿಕಾರಕ ಪರಿಮಳದ್ರವ್ಯಗಳನ್ನು, ಮೈಮೇಲೆ ಉಳಿಯುವ ಪ್ರಸಾಧನದಲ್ಲಿ ಶೇಕಡ 0.001ನ್ನೂ ತೊಳೆದುಹೋಗುವುದರಲ್ಲಿ ಶೇಕಡ 0.01ನ್ನೂ ಮೀರಿದರೆ, ಹೆಸರು ಹೇಳಿ ಅಚ್ಚಿಸಬೇಕೆಂದು ವಿಧಿಸಿತು. 2023ರಲ್ಲಿ ಆ ಪಟ್ಟಿ ಎಂಬತ್ತರ ಆಚೆಗೆ ಬೆಳೆಯಿತು. ನಮ್ಮ ಅಂಗಡಿಗಳಲ್ಲಿ ದೊರೆಯುವ ಎಷ್ಟೋ ಡಬ್ಬಿಗಳ ಮೇಲೆ ಇಂದಿಗೂ ‘ಪರ್ಫ್ಯೂಮ್’ ಎಂಬ ಒಂದು ಪದವೇ ಹತ್ತಾರು ದ್ರವ್ಯಗಳ ಪರವಾಗಿ ನಿಂತಿರುತ್ತದೆ. ಮಿಶ್ರಣದ ಪ್ರಮಾಣಗಳನ್ನು ಬಯಲುಮಾಡಬೇಕೆಂದು ಯಾವ ಸುಗಂಧಕಾರನನ್ನೂ ನಾನು ಒತ್ತಾಯಿಸಲಾರೆ. ಅದು ಅವನ ವೃತ್ತಿಯ ಗುಟ್ಟು. ಒಗ್ಗದಿರುವ ಸಂಭವವುಳ್ಳ ದ್ರವ್ಯಗಳ ಹೆಸರನ್ನು ಮಾತ್ರ, ಕಣ್ಣಿಗೆ ಕಾಣುವ ಅಕ್ಷರದಲ್ಲಿ, ಸೋಪಿಗೂ ಪೌಡರಿಗೂ ಅಗರಬತ್ತಿಗೂ ಏಕಪ್ರಕಾರವಾಗಿ ಅಚ್ಚಿಸಬೇಕೆಂದು ನಿಯಮ ರಚಿಸುವವರನ್ನು ಈ ವೇದಿಕೆಯಿಂದ ಪ್ರಾರ್ಥಿಸುತ್ತೇನೆ. ತಮ್ಮಲ್ಲಿ ಯಾರಿಗಾದರೂ ಮುಖದಲ್ಲಿಯೋ ಕತ್ತಿನಲ್ಲಿಯೋ ಕಾರಣ ತಿಳಿಯದ ತುರಿ ಕಾಣಿಸಿಕೊಂಡರೆ, ಬಳಸುತ್ತಿದ್ದ ಲೋಷನ್, ಎಣ್ಣೆ, ಪೌಡರುಗಳ ಡಬ್ಬಿಗಳನ್ನು ಎಸೆಯದೆ, ಅವುಗಳ ಹೊರಪೆಟ್ಟಿಗೆಗಳ ಸಮೇತ ಒಂದು ಚೀಲದಲ್ಲಿ ಹಾಕಿಕೊಂಡು ಚರ್ಮವೈದ್ಯರಲ್ಲಿಗೆ ಹೋಗಿರಿ; ಪಟ್ಟಿಪರೀಕ್ಷೆ ಮಾಡಿಸಬೇಕೇ ಎಂದು ನೀವಾಗಿಯೇ ಕೇಳಿರಿ.